ಅರ್ಧ ಬೆರಳು ಮುಂದೆ

ಏಣಿಯ ಒಂದು ಚಕ್ರ ಮಾತ್ರ ಕಿರ್ರೆನ್ನುತ್ತದೆ, ಉಳಿದ ಮೂರು ಸದ್ದಿಲ್ಲದೆ ಉರುಳುತ್ತವೆ, ಒಂದು ತೊಟ್ಟು ಎಣ್ಣೆ ಬಿಟ್ಟರೆ ಸಾಕಲ್ಲ ಎಂದು ಅವಳು ಅಂದುಕೊಳ್ಳುತ್ತಾಳೆ, ಆಸ್ಪತ್ರೆಯ ರೆಕಾರ್ಡ್ ರೂಮಿನಮ್ಮ ಅದನ್ನು ತಳ್ಳಿಕೊಂಡು ಬಂದು ಕೊನೆಯ ಕಪಾಟಿಗೆ ಆನಿಸಿ, ಯಾವ ವರ್ಷದಿಂದ ತೆಗೀಲಿ ಮೇಡಂ, ಮೊದಲಿನಿಂದ ತೆಗೀರಿ, ಡಾಕ್ಟರು ಈ ಆಸ್ಪತ್ರೆಗೆ ಬಂದ ವರ್ಷದಿಂದ, ಅಯ್ಯೋ ಅಷ್ಟೂನಾ, ಅಷ್ಟೂ — ಕಿಟಕಿಯಿಂದ ಬೆಳಗಿನ ಹನ್ನೊಂದರ ಬಿಸಿಲು ಮೇಜಿನ ಮೇಲೆ ಬಿದ್ದಿದೆ, ಧೂಳು ಏಳುತ್ತಿದೆ, ಬರಲೋ ಬೇಡವೋ ಎಂಬಂತೆ ಒಂದು ಸೀನು ಅವಳ ಮೂಗಿನ ತುದಿಯಲ್ಲೇ ನಿಂತಿದೆ. ಅರ್ಧ ದಿನದ ಕೆಲಸ, ಊಟದ ಹೊತ್ತಿಗೆ ಮುಗಿಸಿಬಿಡಬಹುದು. ಕ್ರೀಡಾ ಒಕ್ಕೂಟದವರು ಕೇಳಿರುವುದು ಒಂದೇ ಪುಟ. ಇನ್ನು ಮುಂದೆ ಮಂಡಿ ಕೆಡಿಸಿಕೊಂಡ ಆಟಗಾರರನ್ನೆಲ್ಲ ಈ ಡಾಕ್ಟರ ಕೈಗೇ ಒಪ್ಪಿಸೋಣ ಅಂತಿದ್ದೀವಿ, ನೀವು ಅವರ ಜೊತೆ ಹನ್ನೆರಡು ವರ್ಷ ಫಿಸಿಯೋ ಆಗಿದ್ದವರು, ಅವರು ಕೊಯ್ದ ಕಾಲುಗಳನ್ನ ಮತ್ತೆ ನಡೆಸಿದವರು, ಈಗ ನಿಮ್ಮದೇ ಕ್ಲಿನಿಕ್ ಇಟ್ಟುಕೊಂಡಿದ್ದೀರಿ, ಯಾರ ಹಂಗೂ ಇಲ್ಲ, ಹಳೆಯ ಕಡತ ಒಮ್ಮೆ ನೋಡಿ ನಾಲ್ಕು ಸಾಲು ಬರೆದುಕೊಡಿ ಮೇಡಂ. ನಾಲ್ಕು ಸಾಲು ಅವಳ ತಲೆಯಲ್ಲಿ ಆಗಲೇ ಸಿದ್ಧವಾಗಿವೆ, ಬಸ್ಸಿನಲ್ಲಿ ಬರುವಾಗಲೇ ಸಿದ್ಧವಾಗಿದ್ದವು, ಇಂಥ ಕೈಗುಣವನ್ನು ನಾನು ಬೇರೆಲ್ಲೂ ಕಂಡಿಲ್ಲ ಎಂಬುದು ಮೊದಲನೆಯ ಸಾಲು. ಸುಳ್ಳೇನಲ್ಲ. ಅವರು ಮಂಡಿಯ ಮೇಲೆ ಬರೀ ಹೆಬ್ಬೆರಳು ಇಟ್ಟು, ಒಳಗೆ ಏನು ಹರಿದಿದೆ, ಎಷ್ಟು ಹರಿದಿದೆ ಎಂದು ಹೇಳಿಬಿಡುತ್ತಿದ್ದರು, ಸ್ಕ್ಯಾನ್ ಬಂದಾಗ ಹಾಗೇ ಇರುತ್ತಿತ್ತು. ಅವರ ಕೋಣೆಯ ಹೊರಗೆ ಗೋಡೆಯ ತುಂಬ ಫೋಟೋಗಳು, ಪದಕ ಕಚ್ಚಿಕೊಂಡವರು, ಗಾಳಿಯಲ್ಲಿ ಹಾರಿದವರು. ನೂರಕ್ಕೆ ತೊಂಬತ್ತನಾಲ್ಕು ಜನ ಮರಳಿ ಮೈದಾನಕ್ಕೆ, ಅದನ್ನು ಅವರು ಹೇಳುವಾಗ ದನಿ ಏರಿಸುವುದಿಲ್ಲ, ಗಡಿಯಾರ ನೋಡಿ ಗಂಟೆ ಹೇಳಿದ ಹಾಗೆ ಹೇಳುತ್ತಾರೆ, ಅದಕ್ಕೇ ಎಲ್ಲರೂ ನಂಬುತ್ತಾರೆ, ಅದಕ್ಕೇ ಅವಳೂ —

ಆಟಗಾರರವೇ ಇನ್ನೂರ ಹದಿನೈದು ಕಡತ. ಮೊದಲ ನಲವತ್ತನ್ನು ಅವಳು ನಗುನಗುತ್ತಲೇ ತಿರುವಿದಳು, ಹಳೆಯ ನೆಂಟರ ಮನೆಗೆ ಹೋದ ಹಾಗಿತ್ತು, ಇವನು ಬಾಸ್ಕೆಟ್‌ಬಾಲಿನ ಏಣಿಕಾಲ, ಇವಳು ಮೂಗಿನ ಮೇಲೆ ಸಿಟ್ಟಿದ್ದ ಈಜುಗಾರ್ತಿ, ಇವನು ವ್ಯಾಯಾಮ ಅಂದರೆ ಹೊಟ್ಟೆನೋವು ಬರಿಸಿಕೊಳ್ಳುತ್ತಿದ್ದ ಗೋಲ್‌ಕೀಪರ್, ಮುಂದಿನ ಹಾಳೆ, ಮುಂದಿನ ಹಾಳೆ, ಕೊನೆಯ ಹಾಳೆಯ ಮೇಲೆ ನೀಲಿ ಮುದ್ರೆ: ಪರೀಕ್ಷೆಗೆ ಬಂದಿಲ್ಲ. ವರ್ಷ ತುಂಬಿದ ಮೇಲೆ ಮಂಡಿ ತೋರಿಸಲು ಬರಬೇಕು, ಬಾರದಿದ್ದರೆ ಈ ಮುದ್ರೆ. ಇನ್ನೊಂದು ಕಡತದಲ್ಲೂ ಅದೇ. ಇನ್ನೊಂದರಲ್ಲೂ. ಏನಮ್ಮಾ ಈ ನೀಲಿ ಮುದ್ರೆ ಬಿದ್ದವರು ಲೆಕ್ಕಕ್ಕೆ ಸೇರ್ತಾರಾ, ಅದೆಲ್ಲಿ ಸೇರ್ತಾರೆ ಮೇಡಂ, ಬಂದವರನ್ನ ತಾನೆ ಎಣಿಸೋದು, ಬಾರದವರನ್ನ ಹೇಗೆ ಎಣಿಸ್ತಾರೆ. ಅವಳು ನೀಲಿ ಮುದ್ರೆಯವನ್ನು ಬೇರೆ ಪೇರಿಸುತ್ತಾ ಹೋದಳು, ಪೇರಿಕೆ ಮೇಜಿನಿಂದ ಗಲ್ಲದ ಮಟ್ಟಕ್ಕೆ ಬಂತು, ಎಂಬತ್ತೆರಡು. ಅಷ್ಟೊಂದಾ, ಇನ್ನೊಮ್ಮೆ ಎಣಿಸಿದಳು, ಎಂಬತ್ತೆರಡು. ಯಾಕೆ ಬರಲಿಲ್ಲ ಇವರು, ಊರು ಬಿಟ್ಟರೇ, ಮರೆತರೇ — ಅಲ್ಲ, ಅವಳಿಗೆ ಗೊತ್ತು, ಒಬ್ಬೊಬ್ಬರನ್ನೂ ಬಲ್ಲಳು, ಏಣಿಕಾಲ ಈಗ ಸಾಮಾನು ಸಾಗಿಸುವ ಲಾರಿಯ ಸ್ಟಿಯರಿಂಗ್ ಹಿಡಿದಿದ್ದಾನೆ, ಕ್ಲಚ್ ತುಳಿಯುವಾಗ ಮುಖ ಕಿವಿಚುತ್ತಾನೆ ಎಂದು ಅವನ ಹೆಂಡತಿ ಒಮ್ಮೆ ಸಂತೆಯ ಜನದ ನಡುವೆ ಸಿಕ್ಕು ಹೇಳಿದ್ದಳು, ತಾನು ಆಗ ಏನಂದಿದ್ದಳು, ವ್ಯಾಯಾಮ ಬಿಟ್ಟಿರ್ತಾನೆ ಕಣಮ್ಮ, ಅಂದಿದ್ದಳು, ಅಂದು ತರಕಾರಿ ಆರಿಸಲು ಹೋಗಿದ್ದಳು. ಆಟಕ್ಕೆ ಮರಳಲಾರದವರು ಮಂಡಿ ತೋರಿಸಲು ಯಾಕೆ ಬರುತ್ತಾರೆ, ಗೋಡೆಯ ಮೇಲಿನ ಆ ಫೋಟೋಗಳ ಕೆಳಗೆ ಬೆಂಚಿನ ಮೇಲೆ ಕೂತು ಕಾಯಲು ಯಾರಿಗೆ ಮನಸ್ಸಾಗುತ್ತದೆ. ತೊಂಬತ್ತನಾಲ್ಕು. ನಾಲ್ಕು ಸಾಲಿನಲ್ಲಿ ಮೊದಲನೆಯದನ್ನು ಮನಸ್ಸಿನಲ್ಲೇ ಹೊಡೆದುಹಾಕಿದಳು, ಇರಲಿ, ಇದು ಮೋಸವೋ ಬರೀ ಸಡಿಲ ಲೆಕ್ಕವೋ, ಬಾಯಿ ತುಂಬ ಮಗಳೇ ಎನ್ನುವ ಮನುಷ್ಯ ಹೀಗೆ ಮಾಡುತ್ತಾರೆಯೇ, ನಿಧಾನವಾಗಿ ಯೋಚಿಸಬೇಕು, ಎಂದುಕೊಳ್ಳುತ್ತಿರುವಾಗಲೇ ಪೇರಿಕೆಯ ನಡುವೆ ಒಂದು ಹಸಿರು ರಟ್ಟು ಕಂಡಿತು, ಎಣಿಸುವಾಗ ಹೆಸರು ನೋಡಿರಲಿಲ್ಲ. ತಂಗಿಯದು.

ತಂಗಿ, ಅಂದರೆ ಮಿಡತೆ, ಮನೆಯಲ್ಲಿ ಯಾರೂ ಬೇರೆ ಹೆಸರಿನಿಂದ ಕರೆದದ್ದೇ ಇಲ್ಲ, ಮೂರು ವರ್ಷಕ್ಕೇ ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಹೊಸಲಿಗೆ ಜಿಗಿಯುತ್ತಿದ್ದವಳು, ಅಪ್ಪ ನಗುತ್ತ ಇಟ್ಟ ಹೆಸರು, ಹತ್ತೊಂಬತ್ತಕ್ಕೆ ಉದ್ದ ಜಿಗಿತದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಮರಳಿನ ಹೊಂಡದಲ್ಲಿ ಎಡಗಾಲು ತಪ್ಪಿ ಊರಿತು, ಮಂಡಿಯೊಳಗಿನ ನಾರು ಪಟ್ಟೆಂದು ಹರಿಯಿತು, ಆ ಸದ್ದು ನಂಗೇ ಕೇಳಿಸ್ತು ಕಣಕ್ಕಾ, ಅಳಬೇಡ, ನಮ್ಮ ಡಾಕ್ಟರಿದ್ದಾರೆ, ಆರು ತಿಂಗಳಲ್ಲಿ ಜಿಗೀತೀಯ, ಬರೆದಿಟ್ಕೋ. ಅವಳೇ ಕರೆದುಕೊಂಡು ಬಂದದ್ದು, ಅವಳೇ ಭರವಸೆ ಕೊಟ್ಟದ್ದು. ತೊಡೆಯ ಹಿಂದಿನ ನಾರೊಂದನ್ನು ತೆಗೆದು, ಮಂಡಿಯ ಮೇಲಿನ ಮೂಳೆಯಲ್ಲೊಂದು ಕೆಳಗಿನ ಮೂಳೆಯಲ್ಲೊಂದು ತೂತು ಕೊರೆದು, ಅದನ್ನು ದಾರದ ಹಾಗೆ ಪೋಣಿಸಿ ಸ್ಕ್ರೂನಿಂದ ಬಿಗಿಯುತ್ತಾರೆ, ಡಾಕ್ಟರಿಗೆ ನೀರು ಕುಡಿದಷ್ಟು ಸಲೀಸು. ಆಮೇಲಿನದೆಲ್ಲ ಅವಳ ಪಾಲು. ಮನೆಯ ನಡುಮನೆಯಲ್ಲಿ ಚಾಪೆ ಹಾಸಿ ಮಿಡತೆಯನ್ನು ಬೋರಲು ಮಲಗಿಸಿ ಹಿಮ್ಮಡಿ ಹಿಡಿದು ಬಗ್ಗಿಸುವುದು, ತೊಂಬತ್ತು ಡಿಗ್ರಿಗೆ ಮಂಡಿ ನಿಂತುಬಿಡುತ್ತಿತ್ತು, ಬಾಗಿಲಿಗೆ ಅಗುಳಿ ಹಾಕಿದ ಹಾಗೆ, ಇನ್ನೊಂದು ಚೂರು, ಆಗಲ್ಲಕ್ಕಾ, ಆಗುತ್ತೆ, ಅಕ್ಕಾ ಬಿಡೇ, ಒಳಗೆ ಏನೋ ಎಳೀತಿದೆ, ಎಲ್ಲರಿಗೂ ಎಳೆಯುತ್ತೆ, ನಿನಗೊಬ್ಬಳಿಗೇ ಚಿನ್ನದ ಕಾಲಾ, ಅವಳು ತನ್ನ ಇಡೀ ಭಾರವನ್ನು ಆ ಹಿಮ್ಮಡಿಯ ಮೇಲೆ ಹಾಕುತ್ತಿದ್ದಳು, ಅಮ್ಮ ಅಡುಗೆಮನೆಯಲ್ಲಿ ನಲ್ಲಿ ಜೋರಾಗಿ ಬಿಟ್ಟುಕೊಂಡು ನಿಲ್ಲುತ್ತಿದ್ದಳು, ಕೂಗು ಕೇಳದಿರಲಿ ಎಂದು. ಐದು ತಿಂಗಳು, ದಿನಾ ಎರಡು ಹೊತ್ತು. ಐದನೆಯ ತಿಂಗಳು ಒಂದು ದಿನ ಮಂಡಿ ಇದ್ದಕ್ಕಿದ್ದಂತೆ ನೂರಿಪ್ಪತ್ತಕ್ಕೆ ಬಗ್ಗಿತು, ನೋಡಿದ್ಯಾ, ಎಂದು ಅವಳು ಚಪ್ಪಾಳೆ ತಟ್ಟಿದ್ದಳು, ಮಾರನೆಯ ವಾರದಿಂದಲೇ ಆ ಕಾಲು ಮೆಟ್ಟಿಲ ಮೇಲೆ ಸಡಿಲ ಕೀಲಿನ ಹಾಗೆ ಹೊರಳತೊಡಗಿತು. ಓಡಲಾಗಲಿಲ್ಲ. ಜಿಗಿಯುವ ಮಾತೇ ಇಲ್ಲ. ನೀನು ಸೋಮಾರಿ ಕಣೇ, ನಾನು ಆಚೆ ಹೋದಾಗ ವ್ಯಾಯಾಮ ಮಾಡಲಿಲ್ಲ, ಅದಕ್ಕೇ ಹೀಗಾಯಿತು, ಎಂದು ನೆಂಟರೆದುರಿಗೂ ಅಂದದ್ದುಂಟು, ಒಂಬತ್ತು ವರ್ಷದಿಂದ ಮಿಡತೆ ಆ ಮಾತಿಗೆ ತಲೆತಗ್ಗಿಸುತ್ತಾಳೆ, ಈಗ ಕನ್ನಡಕದ ಅಂಗಡಿಯಲ್ಲಿ ಎತ್ತರದ ಸ್ಟೂಲಿನ ಮೇಲೆ ಕೂತು ಕೆಲಸ ಮಾಡುತ್ತಾಳೆ, ನಿಂತರೆ ಊದುತ್ತದೆ.

ಹಸಿರು ರಟ್ಟಿನೊಳಗೆ ಒಂದು ಎಕ್ಸ್‌ರೇ, ಆಪರೇಷನ್ನಿನ ಮರುದಿನದ್ದು, ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು, ಹಿಡಿದವಳು ಹಾಗೇ ನಿಂತಳು. ಬೂದು ಮೂಳೆಯೊಳಗೆ ಬೆಳ್ಳಗೆ ಒಂದು ಸ್ಕ್ರೂ. ಇರಬೇಕಾದ ಜಾಗದಲ್ಲಿಲ್ಲ. ಅರ್ಧ ಬೆರಳು ಮುಂದೆ. ತಿರುಗಿಸಿ ಹಿಡಿದಳು, ತಪ್ಪಾಗಿ ನೋಡುತ್ತಿರಬಹುದು, ಇಲ್ಲ, ಅರ್ಧ ಬೆರಳು ಮುಂದೆ, ತೂತು ಅಲ್ಲಿ ಬಿದ್ದರೆ ಕಾಲು ಮಡಚಿದಾಗೆಲ್ಲ ಒಳಗಿನ ನಾರು ವೀಣೆಯ ತಂತಿಯಂತೆ ಬಿಗಿಯುತ್ತದೆ, ತೊಂಬತ್ತರ ಆಚೆ ಮಂಡಿ ಬಗ್ಗುವುದೇ ಇಲ್ಲ, ಮೇಲೆ ಕೂತು ಬಲವಂತವಾಗಿ ಬಗ್ಗಿಸಿದರೆ ನಾರು ಎಳೆದು ಎಳೆದು ಒಂದು ದಿನ ಸಡಿಲಾಗುತ್ತದೆ, ಒಂದು ದಿನ ನೂರಿಪ್ಪತ್ತಕ್ಕೆ ಬಗ್ಗುತ್ತದೆ, ಚಪ್ಪಾಳೆ ತಟ್ಟುತ್ತಾಳೆ ಅಕ್ಕ. ಎಕ್ಸ್‌ರೇ ಮಗುಚಿದಳು. ಅದರ ಹಿಂದೆ ಅಂಟಿಸಿದ ಚೀಟಿಯಲ್ಲಿ ಡಾಕ್ಟರ ದುಂಡನೆಯ ಅಕ್ಷರ: ಮೇಲಿನ ತೂತು ಮುಂದಾಗಿದೆ, ಮತ್ತೆ ಕೊಯ್ಯಬೇಕಾಗಬಹುದು, ಸದ್ಯ ಕಾದು ನೋಡುವುದು, ಅಕ್ಕನಿಗೆ ತಿಳಿಸಿದೆ. ಅದರ ಕೆಳಗೆ ಒಂದು ಸಹಿ. ಬಾಲ ಉದ್ದವಾಗಿ ಎಳೆದ ಸಹಿ. ಅವಳದೇ. ಮೇಡಂ, ಏನಾಯ್ತು, ಕೂತ್ಕೊಳಿ, ಕೂತ್ಕೊಳಿ ಅಂತೀನಿ, ರೆಕಾರ್ಡ್ ರೂಮಿನಮ್ಮ ಕುರ್ಚಿ ಎಳೆದರು, ಏನಿಲ್ಲ ಧೂಳು, ಅಂದಳು. ನನಗೆ ಹೇಳಿಲ್ಲ. ಯಾರೂ ಹೇಳಿಲ್ಲ. ದಿನಕ್ಕೆ ನಲವತ್ತು ಕಾಗದಕ್ಕೆ ಸಹಿ ಮಾಡುತ್ತಿದ್ದೆ, ಯಾರೋ ನಡುವೆ ತೂರಿಸಿದ್ದಾರೆ, ಓದದೆ ಹಾಕಿರಬೇಕು, ಹೇಳಿದ್ದರೆ ನನಗೆ ನೆನಪಿರುತ್ತಿರಲಿಲ್ಲವೇ, ಸ್ವಂತ ತಂಗಿಯ ಕಾಲು, ನೆನಪಿರುತ್ತಿರಲಿಲ್ಲವೇ —

ಸೋಪಿನ ವಾಸನೆ ಮೊದಲು ಬಂತು, ಆಮೇಲೆ ಡಾಕ್ಟರು ಬಂದರು, ಈಗಷ್ಟೇ ಆಪರೇಷನ್ ಮುಗಿಸಿ ಕೈ ತೊಳೆದುಕೊಂಡವರು, ತಲೆ ಪೂರ್ತಿ ನೆರೆತಿದೆ, ಏನು ಮಗಳೇ, ಬಂದವಳು ಮೇಲೆ ಬಂದು ಮುಖ ತೋರಿಸಬಾರದಾ, ಊಟ ಆಯ್ತಾ. ಅವಳು ಎಕ್ಸ್‌ರೇಯನ್ನು ಅವರ ಕಡೆ ಚಾಚಿದಳು. ಅವರು ಕನ್ನಡಕ ಏರಿಸಿ, ಒಂದೇ ಗಳಿಗೆ ನೋಡಿ, ಹೆಸರು ಓದದೆಯೇ, ಮಿಡತೆದು, ಅಂದರು. ಅವರಿಗೆ ನೆನಪಿದೆ. ಒಂಬತ್ತು ವರ್ಷದ ಮೇಲೂ ಆ ಸ್ಕ್ರೂ ನೋಡಿದೊಡನೆ ನೆನಪಾಗಿದೆ. ಇದು ತಪ್ಪು ಜಾಗ ಸರ್. ತಪ್ಪೇ, ನನ್ನ ಕೈ ತಪ್ಪಿತ್ತು, ಅವತ್ತು ಏಳನೇ ಆಪರೇಷನ್ ಅದು, ಮಾಡಬಾರದಿತ್ತು. ಯಾಕೆ ಹೇಳಲಿಲ್ಲ ಸರ್, ಅವಳಿಗೆ ಯಾಕೆ ಹೇಳಲಿಲ್ಲ. ಡಾಕ್ಟರು ಸ್ಟೂಲಿನ ಮೇಲೆ ಕೂತರು, ಬಲಗೈ ಹೆಬ್ಬೆರಳನ್ನು ಎಡಗೈಯಿಂದ ನೀವಿಕೊಳ್ಳುತ್ತ, ಅವಳಿಗೆ ಹೇಳಲಿಲ್ಲ, ನಿಜ, ಅದು ನನ್ನ ಹೇಡಿತನ, ಆದರೆ ನಿನಗೆ ಹೇಳಿದೆನಲ್ಲಮ್ಮ, ಲಿಫ್ಟಿನ ಹತ್ತಿರ, ಮತ್ತೆ ಕೊಯ್ಯೋಣ ಅಂದೆ, ನೀನೇ ತಾನೆ ಅಂದದ್ದು, ಬೇಡ ಸರ್, ಹೊರಗೆ ಗೊತ್ತಾದರೆ ನಿಮ್ಮ ಹೆಸರು, ನಾನು ಬಗ್ಗಿಸ್ತೀನಿ, ನನ್ನ ಕೈಲಿ ಆಗುತ್ತೆ, ಅಂತ. ನಾನಾ. ನೀನೇ. ಲಿಫ್ಟು. ಲಿಫ್ಟಿನ ಬಾಗಿಲಿಗೆ ಅಡ್ಡವಾಗಿ ಒಂದು ಗಾಲಿಕುರ್ಚಿ ನಿಂತಿತ್ತು, ಬಾಗಿಲು ಮುಚ್ಚಲು ಹೋಗುತ್ತಿತ್ತು, ತಡೆದು ತೆರೆಯುತ್ತಿತ್ತು, ಮುಚ್ಚಲು ಹೋಗುತ್ತಿತ್ತು, ಡಾಕ್ಟರ ಕಿವಿಯ ಹಿಂದೆ ಮಾಸ್ಕಿನ ದಾರದ ಕೆಂಪು ಗೆರೆ, ಅವರ ಬಾಯಿ ಆಡುತ್ತಿದೆ, ಅವಳು ತಲೆಯಾಡಿಸುತ್ತಿದ್ದಾಳೆ, ಪೆನ್ನು ಕೇಳುತ್ತಿದ್ದಾಳೆ — ಹೌದು. ಇತ್ತು. ಎಲ್ಲಿ ಇಟ್ಟಿದ್ದಳೋ ಇಷ್ಟು ವರ್ಷ, ಮನೆಯ ಯಾವ ಅಟ್ಟದ ಮೇಲೆ, ಹೊರಗೆ ತೆಗೆದರೆ ಅದರ ಮೇಲೆ ಧೂಳು ಕೂಡ ಕೂತಿಲ್ಲ. ಬೇಡ ಸರ್, ಅಂದದ್ದು ಅವಳ ದನಿಯೇ. ಆಮೇಲೆ ಮನೆಗೆ ಹೋಗಿ ಚಾಪೆ ಹಾಸಿದಳು. ಒಕ್ಕೂಟಕ್ಕೆ ಏನು ಬರೀತೀಯೋ ಬರಿ ಮಗಳೇ, ನಾನು ಕೇಳಲ್ಲ, ಎಂದು ಡಾಕ್ಟರು ಎದ್ದರು, ಬಾಗಿಲಲ್ಲಿ ನಿಂತು ಆ ನೀಲಿ ಮುದ್ರೆಯ ಪೇರಿಕೆಯನ್ನು ನೋಡಿ ಹೊರಟುಹೋದರು.

ಹೊರಗೆ ಕಾರಿಡಾರಿನ ಕೊನೆಯಲ್ಲಿ ಫೋನು ಹಚ್ಚಿದಳು, ಹಚ್ಚಿದ್ದು ತಾನೇ ಎಂದು ರಿಂಗಾದ ಮೇಲೆ ಗೊತ್ತಾಯಿತು. ಹೇಳಕ್ಕಾ, ಬೇಗ ಹೇಳು, ಗಿರಾಕಿ ಇದ್ದಾರೆ. ನಿನ್ನ ಮಂಡಿ, ಮಿಡತೆ. ಏನೀಗ ನನ್ನ ಮಂಡಿಗೆ, ಆಗೋದೆಲ್ಲ ಆಗಿಹೋಯ್ತಲ್ಲ, ನಗುತ್ತಾಳೆ, ಮತ್ತೆ ವ್ಯಾಯಾಮ ಮಾಡು ಅಂತೀಯಾ. ಆಪರೇಷನ್ನಲ್ಲೇ ತಪ್ಪಾಗಿತ್ತು ಕಣೇ, ತೂತು ಮುಂದೆ ಬಿದ್ದಿತ್ತು, ಅದು ಬಗ್ಗೋದಕ್ಕೆ ಸಾಧ್ಯಾನೇ ಇರಲಿಲ್ಲ, ನಾನು ಬಗ್ಗಿಸಿ ಬಗ್ಗಿಸಿ ಹರಿದೆ. ಆಚೆಯಿಂದ ಅಂಗಡಿಯ ಸದ್ದು, ಈ ಫ್ರೇಮು ನನ್ನ ಮುಖಕ್ಕೆ ದೊಡ್ಡದಾಯ್ತಾ ಅಂತ ಯಾರೋ ಕೇಳುತ್ತಿದ್ದಾರೆ, ಕಪಾಟಿನ ಗಾಜು ಸರಿದು ಮುಚ್ಚಿಕೊಳ್ಳುತ್ತದೆ. ಹಾಗಾದ್ರೆ ನಾನು ಸೋಮಾರಿತನ ಮಾಡಿರಲಿಲ್ಲ, ಮಿಡತೆ ಮೆಲ್ಲಗೆ, ಬೇರೆ ಯಾರ ವಿಷಯವನ್ನೋ ಹೇಳುವವಳ ಹಾಗೆ. ಇಲ್ಲ, ಮಾಡಿರಲಿಲ್ಲ. ನಾನೂ ಹಾಗೇ ಅಂದುಕೊಂಡುಬಿಟ್ಟಿದ್ದೆ ಅಕ್ಕಾ, ಎಲ್ಲೋ ನಾನೇ ಮೈಗಳ್ಳತನ ಮಾಡಿರಬೇಕು, ನೀನಿಲ್ಲದಾಗ ಒಂದೆರಡು ದಿನ ತಪ್ಪಿಸಿದ್ದೆ, ಅದಕ್ಕೇ ಅಂತ. ಇಲ್ಲ ಕಣೇ. ನಿಂಗೆ ಯಾವಾಗ ಗೊತ್ತಾಯ್ತು. ಈಗ, ಈಗಷ್ಟೇ, ಎಂದುಬಿಡಬಹುದು, ಇಷ್ಟೇ ಇಷ್ಟು ಮಾತು, ಸುಳ್ಳೂ ಅಲ್ಲ ಪೂರ್ತಿ, ಹತ್ತು ನಿಮಿಷದ ಹಿಂದೆಯೇ ತಾನೆ ಅವಳಿಗೆ ಗೊತ್ತಾದದ್ದು, ಅದು ಬಾಯಿಯ ತುದಿಗೆ ಬಂದು ಕೂತಿದೆ. ಅವತ್ತೇ, ಅಂದಳು, ಆಪರೇಷನ್ ಮಾರನೇ ದಿನಾನೇ. ಅಂಗಡಿಯ ಸದ್ದು. ಗಿರಾಕಿ ಕಾಯ್ತಿದ್ದಾರೆ, ಎಂದು ಮಿಡತೆ ಫೋನಿಟ್ಟಳು, ಅಕ್ಕಾ ಎನ್ನಲಿಲ್ಲ.

ಮತ್ತೆ ಮೇಜು, ಬಿಸಿಲು ಮೇಜಿನಿಂದ ಜಾರಿ ನೆಲಕ್ಕೆ ಇಳಿದಿದೆ, ಒಕ್ಕೂಟದ ಹಾಳೆ ಬೆಳ್ಳಗೆ ಕಾದಿದೆ, ಅವಳು ಬರೆಯುತ್ತಾಳೆ, ಎಂಬತ್ತೆರಡು ಜನರನ್ನು ಎಣಿಸಿಲ್ಲ, ಅವರನ್ನೆಲ್ಲ ಕರೆಸಿ ಮಂಡಿ ನೋಡುವವರೆಗೆ ಯಾವ ಆಟಗಾರರನ್ನೂ ಇಲ್ಲಿಗೆ ಕಳಿಸಬೇಡಿ, ಅವರಲ್ಲಿ ಒಬ್ಬಳ ವಿಷಯದಲ್ಲಿ ಡಾಕ್ಟರ ತಪ್ಪನ್ನು ತಿಳಿದೂ ಮುಚ್ಚಿದವಳು ನಾನು, ನನ್ನ ಅಭಿಪ್ರಾಯಕ್ಕೆ ಎಷ್ಟು ತೂಕ ಎಂಬುದನ್ನು ನೀವೇ ನೋಡಿಕೊಳ್ಳಿ — ಅಕ್ಷರ ಸೊಟ್ಟಗಾಗುತ್ತಿದೆ, ಆಗಲಿ, ಇವತ್ತು ಹೊತ್ತು ಮುಳುಗುವ ಮುಂಚೆ ಮಿಡತೆಯ ಅಂಗಡಿಗೆ ಹೋಗಬೇಕು, ಅವಳು ಮುಖ ತಿರುಗಿಸಿದರೂ ಆ ಸ್ಟೂಲಿನ ಪಕ್ಕ ನಿಂತಿರಬೇಕು, ಏನಂತ ಹೇಳಬೇಕು, ಮಂಡಿಯನ್ನು ಮತ್ತೆ ಕೊಯ್ಯಿಸೋಣ ಎಂದರೆ, ಬೇರೆ ಕಡೆ ತೋರಿಸೋಣ ಎಂದರೆ, ಆಮೇಲೆ ಬಗ್ಗಿಸೋದು ನೀನೇನಾ ಅಕ್ಕಾ ಎಂದು ಕೇಳಿದರೆ, ಇನ್ನೊಂದು ಸಾಲು ಬರೆಯಬೇಕು, ಇನ್ನೊಂದೇ ಸಾಲು, ಪೆನ್ನು ನಿಂತಿದೆ, ಎಕ್ಸ್‌ರೇ ಕಿಟಕಿಯ ಗಾಜಿಗೆ ಒರಗಿಕೊಂಡಿದೆ, ಬೂದು ಮೂಳೆ, ಅದರೊಳಗೆ ಬೆಳ್ಳಗೆ ಸ್ಕ್ರೂ, ಇನ್ನೊಂದು ಸಾಲು, ಸ್ಕ್ರೂ, ಅರ್ಧ ಬೆರಳು, ಸ್ಕ್ರೂ