ತಂತಿ ನುಂಗಿದ ಏಟು

"ಇಲ್ಲ, ಬೀಳಲಿಲ್ಲ," ಎಂದು ವಾವಚ್ಚನ್ ಮಾಸ್ತರು ಸ್ಟೀರಿಂಗಿನ ಮೇಲೆ ಅಂಗೈ ಬಡಿದರು. "ಈ ಕೇಬಲ್ಲೂ ಆ ಏಟನ್ನ ನುಂಗಿಹಾಕ್ತು ನೋಡು."

ಕಾರಿನ ಕಿಟಕಿಗೆ ಮೊಣಕೈ ಊರಿ ನಿಂತಿದ್ದ ಷಿನೋಜ್ ಹಣೆಯ ಬೆವರನ್ನು ತೋಳಿಗೆ ಒರೆಸಿಕೊಂಡ. ಪಾಲಾ ಪೇಟೆಯಲ್ಲಿ ಕಾರುಗಳಿಗೆ ಸ್ಟೀರಿಯೋ ಕೂರಿಸುವುದರಲ್ಲಿ ಅವನದೇ ದೊಡ್ಡ ಹೆಸರು. ಆದರೆ ಮಾಸ್ತರ ಕಾರಿನ ಸೀಟು ಬಿಚ್ಚಿ, ಹಳೇ ತಂತಿ ಎಳೆದು, ಹೊಸದು ಹಾಸಿ, ಅದನ್ನೂ ಕಿತ್ತು, ಈಗೀಗ ಅವನಿಗೆ ಆ ಕಾರು ಕಂಡರೇ ಮೈ ಉರಿಯುತ್ತಿತ್ತು.

"ಮಾಷೇ, ಇದು ಜಪಾನಿಂದ ತರಿಸಿದ್ದು. ಇದಕ್ಕಿಂತ ದಪ್ಪದ್ದು ಬೇಕು ಅಂದ್ರೆ ಕರೆಂಟು ಕಂಬದಿಂದಲೇ ಎಳ್ಕೊಂಡು ಬರಬೇಕು. ಮಾರೋ ನಾನೇ ಹೇಳ್ತಿದೀನಿ, ಮೊದಲನೇದಕ್ಕೂ ಇದಕ್ಕೂ ನನ್ನ ಕಿವಿಗೆ ಏನೂ ವ್ಯತ್ಯಾಸ ಗೊತ್ತಾಗ್ತಿಲ್ಲ."

"ನಿನ್ನ ಕಿವಿ! ಡಬಡಬ ಹಾಡು ಕೇಳಿ ಕೇಳಿ ತೂತು ಬಿದ್ದಿರೋ ಕಿವಿ ಅದು."

ಮಾಸ್ತರ ಕಿವಿಯ ಮಾತೇ ಬೇರೆ. ಇಗರ್ಜಿಯ ಗಾಯನ ತಂಡದಲ್ಲಿ ಯಾರ ದನಿ ಕೂದಲೆಳೆಯಷ್ಟು ಜಾರಿತೆಂದು ತಿರುಗಿ ನೋಡದೆ ಹೇಳುವವರು ಅವರು. ತಾವು ಯುವಕರಾಗಿದ್ದಾಗ ಅದೇ ತಂಡದ ಕ್ರಿಸ್ಮಸ್ ಹಾಡೊಂದನ್ನು ಟೇಪಿಗೆ ಹಿಡಿದಿದ್ದರು. ಮೊದಲ ಚರಣ ಮುಗಿದು ದನಿಗಳೆಲ್ಲ ತಗ್ಗಿದಾಗ ಟ್ರಯಾಂಗಲ್ ಎಂಬ ಉಕ್ಕಿನ ತ್ರಿಕೋನದ ಮೇಲೆ ಒಂದೇ ಒಂದು ಏಟು, ಟಿಂಗ್ ಎಂದು. ಆ ಏಟಿಗೆ ಮನಸೋತೇ ಅವರು, ಹೊಡೆದ ಹುಡುಗಿಯನ್ನು ಮದುವೆಗೆ ಕೇಳಲು ಪಾದ್ರಿಯವರನ್ನು ಕಳಿಸಿದ್ದು. ಹೊಸ ಕಾರಿನಲ್ಲಿ ಆ ಹಾಡು ಹಚ್ಚಿದರೆ ಆ ಏಟೇ ಇರಲಿಲ್ಲ. ಸ್ಪೀಕರ್ ಬದಲಾಯಿತು, ಚೂಪು ದನಿಗಳನ್ನು ಎತ್ತಿ ಕೇಳಿಸುವ ಟ್ರೆಬಲ್ಲು ಕೊನೆಯವರೆಗೆ ಏರಿತು. ಆಮೇಲೆ ಗುಮಾನಿಯೆಲ್ಲ ತಂತಿಯ ಮೇಲೆ ಕೂತಿತು.

ಅವತ್ತು ಏಟು ಹೊಡೆದವಳು ಈಗ ಪಕ್ಕದ ಸೀಟಿನಲ್ಲಿ ಮತ್ತಿ ಮೀನಿನ ಚೀಲ ಮಡಿಲಲ್ಲಿಟ್ಟುಕೊಂಡು ಸಿಡಿಮಿಡಿಗುಟ್ಟುತ್ತಿದ್ದಳು.

"ನೀವೂ ನಿಮ್ಮ ತಂತಿಯೂ! ಮೀನು ನಾರೋಕೆ ಶುರುವಾಯ್ತು, ನಡೀರಿ," ಎಂದಳು ತ್ರೇಸ್ಯಾಮ್ಮ. "ಕುಣೀಲಾರದವಳು ನೆಲ ಡೊಂಕು ಅಂದಳಂತೆ. ಹೋದ ಭಾನುವಾರ ಇಗರ್ಜೀಲಿ ಪಾಪ ಟ್ರಯಾಂಗಲ್ ಹೊಡೆಯೋ ಆ ಜಿನ್ಸಿಗೂ ಎಲ್ಲರೆದುರು ಬೈದ್ರಿ."

"ಹೊಡೆಯೋ ಜಾಗದಲ್ಲಿ ಹೊಡೀದೆ ನಿಂತ್ರೆ ಮುದ್ದು ಮಾಡ್ಲಾ? ಈ ಕ್ರಿಸ್ಮಸ್ಸಿಗೆ ಅದೇ ಹಾಡು. ಅವಳನ್ನ ತೆಗೆದು ಬೇರೆಯವರನ್ನ ಹಾಕ್ತೀನಿ."

"ಹೊಡೆದೆ ಅಂತ ಅಳ್ತಾ ಹೇಳಿದಳಲ್ಲ!"

"ಸುಳ್ಳು. ನಾನು ಅಲ್ಲೇ ನಿಂತಿದ್ದೆ."

ತ್ರೇಸ್ಯಾಮ್ಮ ಮೀನಿನ ಚೀಲದ ಬಾಯಿ ಮಡಿಚಿದಳು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಗಂಡನ ಜೊತೆ ಬಾಳಿದವಳಿಗೆ ಎಲ್ಲಿ ನಿಲ್ಲಿಸಬೇಕೆಂದು ಗೊತ್ತಿತ್ತು. ಇನ್ನೂ ಒಳ್ಳೆಯ ಕೇಬಲ್ ತರಿಸು ಎಂದು ಷಿನೋಜನಿಗೆ ಕೂಗಿ ಹೇಳಿ ಮಾಸ್ತರು ಕಾರು ತೆಗೆದರು.

ಸೇತುವೆಯ ಹತ್ತಿರ ವಾಹನಗಳು ಕಟ್ಟಿಕೊಂಡು ನಿಂತಿದ್ದವು. ಸುಮ್ಮನೆ ಕೂರಲಾಗದೆ ಅವರು ಹಾಡನ್ನು ಮತ್ತೆ ಮೊದಲಿನಿಂದ ಹಚ್ಚಿದರು. ತ್ರೇಸ್ಯಾಮ್ಮ ಒಂದು ಕೈಯಿಂದ ಕಿವಿ ಮುಚ್ಚಿಕೊಂಡು ಹೊಳೆಯ ಕಡೆ ನೋಡುತ್ತಿದ್ದಳು. ಅದನ್ನು ಕಂಡು ಮಾಸ್ತರಿಗೆ ಇನ್ನಷ್ಟು ರೇಗಿತು. ದನಿಗಳು ತಗ್ಗಿದವು. ಮೀನಿನ ಚೀಲದ ಹಿಡಿಕೆಯ ಮೇಲಿದ್ದ ಅವಳ ತೋರುಬೆರಳು ತಾನಾಗಿಯೇ ಮೇಲೆದ್ದು ಕೆಳಗೆ ಬಡಿಯಿತು. ಅದೇ ಕ್ಷಣಕ್ಕೆ ಸೂಜಿ ಚುಚ್ಚಿದಂತೆ ಅವಳ ಮುಖ ಕಿವುಚಿಕೊಂಡಿತು. ಮಾಸ್ತರಿಗೆ ಕೇಳಿಸಿದ್ದು ಬರೀ ಮೌನ, ಆಮೇಲೆ ಎರಡನೇ ಚರಣ.

ಅವರು ಹಾಡನ್ನು ಹಿಂದಕ್ಕೆ ಓಡಿಸಿದರು. ಮತ್ತೆ ಬೆರಳು ಬಡಿಯಿತು, ಮತ್ತೆ ಮುಖ ಕಿವುಚಿತು.

"ತ್ರೇಸ್ಯಾ, ಬಿತ್ತಾ?"

"ಏನು?"

"ಏಟು."

ಅವಳು ತಿರುಗಿ ಅವರನ್ನೇ ನೋಡಿದಳು. "ಯಾವಾಗ್ಲೂ ಬೀಳ್ತಾನೇ ಇದೆ. ಕಿವಿ ಸೀಳೋ ಹಾಗೆ ಬೀಳ್ತಿದೆ. ನಿಮಗೆ..."

ಮಾಸ್ತರಿಗೆ ಸಿಟ್ಟು ಬಂತು. ಯಾರ ಮೇಲೆ ಮಾಡಬೇಕೆಂದು ತಿಳಿಯಲಿಲ್ಲ. ಅದರ ಹಿಂದೆಯೇ ಬಂದ ಭಯವನ್ನು ಎಲ್ಲಿಡಬೇಕೆಂದೂ ತಿಳಿಯಲಿಲ್ಲ. ಹಿಂದಿನ ಬಸ್ಸು ಹಾರ್ನ್ ಹೊಡೆದಾಗ ಕಾರನ್ನು ನಾಲ್ಕು ಮಾರು ಮುಂದೆ ಬಿಟ್ಟು ಮತ್ತೆ ನಿಲ್ಲಿಸಿದರು. ಕೈ ಚಾಚಿ ಟ್ರೆಬಲ್ಲನ್ನು ನಡುಮಟ್ಟಕ್ಕೆ ಇಳಿಸಿದರು. ಅವರ ಕಿವಿಗೆ ಹಾಡು ಬಾಗಿಲು ಹಾಕಿದ ಕೋಣೆಯಿಂದ ಬಂದಂತೆ ಮಬ್ಬಾಯಿತು.

"ಈಗ?"

"ಈಗ ಹಿತವಾಗಿದೆ," ಎಂದಳು, ಕಿವಿಯಿಂದ ಕೈ ತೆಗೆಯುತ್ತ.

"ಜಿನ್ಸಿ ಮನೆ ಈ ದಾರೀಲೇ ಅಲ್ವಾ?"

"ಹೌದು. ಮೀನು?"

"ಇರ್ಲಿ ಬಿಡು."

ಹಾಡನ್ನು ಇನ್ನೊಮ್ಮೆ ಮೊದಲಿನಿಂದ ಹಚ್ಚಿದರು. ದನಿಗಳು ತಗ್ಗುವ ಹೊತ್ತಿಗೆ ಮಾಸ್ತರು ಸ್ಪೀಕರಿನ ಕಡೆಗೆ ಕಿವಿ ಕೊಡಲಿಲ್ಲ. ಚೀಲದ ಹಿಡಿಕೆಯ ಮೇಲಿದ್ದ ಬೆರಳನ್ನೇ ನೋಡುತ್ತಿದ್ದರು. ಅದು ಮೇಲೆದ್ದಿತು, ಬಡಿಯಿತು. ತಾಳಕ್ಕೆ ಸರಿಯಾಗಿ ಅವರು ತಲೆಯಾಡಿಸಿದರು.