ಮುಗಿಸು ಎಂಬ ಗುಂಡಿ

ಮೈಲಾರಮ್ಮ ಹಾರವನ್ನು ತೀರಿಕೊಂಡ ವಾಗೀಶನ ಕೊರಳಿಗೆ ಹಾಕಿದಳು. ವಿಭೂತಿ ಹಚ್ಚಿ ಗೋಡೆಗೆ ಒರಗಿಸಿ ಕೂರಿಸಿದ್ದ ಆ ಮುಖ ನೋಡಲಾಗದೆ ತಲೆ ತಗ್ಗಿಸಿದಳು. ಅಳು ಬಂದಿತ್ತು, ಸುಳ್ಳಲ್ಲ. ಆದರೆ ಅಳುವಿನ ನಡುವೆಯೂ ಕೊರೆಯುತ್ತಿದ್ದದ್ದು ಹಾಳು ಕಂಪ್ಯೂಟರಿನ ಚಿಂತೆ. ಥೂ, ಎಂಥ ಹೆಂಗಸು ನಾನು ಎಂದು ತನ್ನನ್ನೇ ಬೈದುಕೊಂಡಳು.

ಅವಳ ಜೀನ್ಸ್ ಯೂನಿಟ್ಟಿನ ಕಂಪ್ಯೂಟರು ನಿನ್ನೆ ಸುಟ್ಟುಹೋಗಿತ್ತು. ಹೊಸದೇನೋ ಬಂತು, ಅದರಲ್ಲಿ ವಾಗೀಶ ಬರೆದ ಪ್ರೋಗ್ರಾಮು ಎಲ್ಲಿಂದ ಬರಬೇಕು? ಯಾವ ಪೆಟ್ಟಿಗೆಯಲ್ಲಿ ಯಾವ ಅಳತೆಯ ಪ್ಯಾಂಟು ಎಂಬ ಚೀಟಿ ಅದರಿಂದಲೇ ಹೊರಡಬೇಕು. ಚೀಟಿ ಇಲ್ಲದೆ ಸಂಜೆ ಲಾರಿಯವನು ಮಾಲು ಮುಟ್ಟುವುದಿಲ್ಲ. ಮಾಲು ತಪ್ಪಿದರೆ ಮುಂದಿನ ಆರ್ಡರು ಬೇರೆಯವರ ಪಾಲು. ಹೊಲಿಯುವ ಹೆಂಗಸರಿಗೆ ಕೆಲಸವಿಲ್ಲ. ಸರಿಮಾಡಬಲ್ಲವನು ಹಾರ ಹಾಕಿಸಿಕೊಂಡು ಕೂತಿದ್ದ.

ಪಕ್ಕದಲ್ಲಿ ಕೂತಿದ್ದ ಲಕ್ಷ್ಮೀನರಸಪ್ಪ ಮಡಕಶಿರಾದಲ್ಲಿ ರೆಡಿಮೇಡ್ ಬಟ್ಟೆ ಹೊಲಿಸುವವನು. ವಾಗೀಶನ ಪರಿಚಯ ಹೇಗೆಂದು ಯಾರೋ ಕೇಳಿದ್ದಕ್ಕೆ ಟವೆಲ್ಲಿನಿಂದ ಕಣ್ಣೊರೆಸಿಕೊಂಡ.

“ಮಕ ಇವತ್ತೇ ನೋಡಿದ್ದು ಸ್ವಾಮಿ. ಆಗ ಇವ್ರ ಪ್ರೋಗ್ರಾಮಿನ ಸಿ.ಡಿ. ಬಸ್ಸಿನಾಗೆ ಬಂತು, ಕಂಪ್ಯೂಟರಿಗೆ ನಾನೇ ಹಾಕ್ಕಂಡೆ. ಒಂದಿನಾನೂ ಕೈ ಕೊಡ್ಲಿಲ್ಲ. ಒಂದ್ಸಲ ಕೈ ಮುಗಿದು ಹೋಗಾನ ಅಂತ ಬಂದೆ.”

*

ಮೊದಲು ವಾಗೀಶ ಬರೀ ಪ್ರೋಗ್ರಾಮನ್ನು ಸಿ.ಡಿ.ಗೆ ತುಂಬಿ ಹಂಚಿದ್ದ. ಅವನ ಕಂಪ್ಯೂಟರ್ ಅಂಗಡಿಯಲ್ಲಿ ಕುಣಿಯುತ್ತಿದ್ದದ್ದು ಬೇರೆ ಯಾರಲ್ಲೂ ಕಣ್ಣು ಬಿಡಲಿಲ್ಲ. ಲೆಕ್ಕ ಹಿಡಿದಿಡುವ ಡೇಟಾಬೇಸು, ಕನ್ನಡ–ತೆಲುಗು ಅಕ್ಷರಗಳು ಎಲ್ಲ ಅವನ ಕಂಪ್ಯೂಟರಿನಲ್ಲೇ ಉಳಿದಿದ್ದವು. ಅವರ ಊರು ರಾಯದುರ್ಗವೆಲ್ಲ ನಕ್ಕಿತು. ಹಟಕ್ಕೆ ಬಿದ್ದು ಬೇಕಾದದ್ದನ್ನೆಲ್ಲ ಒಂದೇ ಗಂಟು ಕಟ್ಟಿದ, ಪಾತ್ರೆ ಸೌಟು ಸಮೇತ ಬರುವ ಮದುವೆ ಅಡಿಗೆಯವರ ಹಾಗೆ. ಪರದೆಯ ಮೇಲಿನ ‘ಮುಂದೆ’, ‘ಮುಂದೆ’ ಗುಂಡಿ ಒತ್ತುತ್ತ ಹೋದರೆ ಸಾಕು, ಎಲ್ಲ ತಾನೇ ಕೂರುತ್ತಿತ್ತು.

ಪರೀಕ್ಷೆ ಮಾತ್ರ ಹೆಂಡತಿ ಸುಮಾಳ ಕೈಯಲ್ಲಿ. ಖಾಲಿ ಕಂಪ್ಯೂಟರಿನ ಮುಂದೆ ಅವಳನ್ನು ಕೂರಿಸಿ, ತಾನು ಗೋಡೆ ಕಡೆ ತಿರುಗಿ ಕೂತರೆ ತುಟಿಪಿಟಕ್ಕೆನ್ನುತ್ತಿರಲಿಲ್ಲ. ಮೈಲಾರಮ್ಮ ಒಮ್ಮೆ ಹೋದಾಗ ಅದೇ ನಡೆದಿತ್ತು. ಸುಮಾ ರೇಗಿಬಿಟ್ಟಿದ್ದಳು.

“ಅಲ್ರಿ, ಮುಗೀತೋ ಇಲ್ಲೋ ಹೆಂಗ ತಿಳೀಬೇಕು? ‘ಆಯ್ತು ನೋಡ್ರಿ, ಇನ್ನ ಚಾ ಕುಡೀರಿ’ ಅಂತಾದ್ರೂ ಬರೀಬಾರದಾ?”

“ನಾ ಇಲ್ಲಿ ಇಲ್ಲ ಅನ್ಕೋ,” ಎಂದು ವಾಗೀಶ ಗೋಡೆಗೇ ಹೇಳಿದ್ದ.

*

“ಮೈಲಾರಕ್ಕಾ, ಯಾಕ ಒದ್ದಾಡಕತ್ತೀರಿ? ಕಂಪ್ಯೂಟರ್ ಕೆಟ್ಟದೇನ್ರಿ?”

ಗಂಡನ ಹೆಣದ ಪಕ್ಕ ಕೂತಿದ್ದ ಸುಮಾ ಕೇಳಿಯೇಬಿಟ್ಟಳು. ಮೈಲಾರಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸುಮಾ ಎದ್ದು ಅಲಮಾರಿಯಿಂದ ಆ ಪ್ರೋಗ್ರಾಮಿದ್ದ ಒಂದು ಪೆನ್‌ಡ್ರೈವ್ ತಂದು ಅವಳ ಅಂಗೈಯಲ್ಲಿಟ್ಟು ಮುಚ್ಚಿದಳು.

“ನಂಗ ಬರ್ತದೇನವ್ವಾ?”

“ನಂಗ ಬಂದದ, ನಿಮಗ ಬರಂಗಿಲ್ಲೇನ್ರಿ? ಹೋಗ್ರಿ.”

ಯೂನಿಟ್ಟು ಅದೇ ಬೀದಿಯ ಕೊನೆಗೆ. ಮೈಲಾರಮ್ಮ ಹೊಸ ಕಂಪ್ಯೂಟರಿಗೆ ಪೆನ್‌ಡ್ರೈವ್ ಚುಚ್ಚಿ, ದೇವರನ್ನು ನೆನೆದು ‘ಮುಂದೆ’ ಒತ್ತಿದಳು. ‘ಹಳೇ ಲೆಕ್ಕ ಎಲ್ಲೈತ್ರಿ?’ ಎಂದು ಪರದೆ ಕೇಳಿತು. ದಿನಾ ಒಂದು ಪ್ರತಿ ಬೇರೆ ಡ್ರೈವಿಗೆ ತೆಗೆದಿಡಿ ಎಂದು ವಾಗೀಶ ತಲೆ ತಿಂದಿದ್ದು ಈಗ ಉಪಯೋಗಕ್ಕೆ ಬಂತು, ತೋರಿಸಿದಳು. ಮತ್ತೆ ‘ಮುಂದೆ’. ಹಸಿರು ಪಟ್ಟಿ ತುಂಬುತ್ತ ಹೋಯಿತು. ಎಲ್ಲಿಯೂ ಅವನು ಬೇಕಾಗಲಿಲ್ಲ. ಪುಣ್ಯಾತ್ಮ, ಎಲ್ಲಾ ಮಾಡಿಟ್ಟೇ ಹೋಗಿದ್ದಾನೆ ಎಂದು ಅವಳಿಗೆ ಆಗ ಮನಸಾರೆ ಅಳು ಬಂತು.

ಶವಯಾತ್ರೆಯ ಹಲಗೆ ವಾದ್ಯದ ಸದ್ದು ಹತ್ತಿರವಾಯಿತು. ಊರಿನ ರೂಢಿಯಂತೆ ಬೀದಿಯ ಯೂನಿಟ್ಟುಗಳೆಲ್ಲ ಒಂದೊಂದಾಗಿ ಮಷೀನು ನಿಲ್ಲಿಸಿದವು. ಮೈಲಾರಮ್ಮನೂ ಮೋಟರು ಆರಿಸಿದಳು. ಹೆಂಗಸರು ಸೆರಗು ಹೊದ್ದು ಬಾಗಿಲಿಗೆ ಬಂದರು. ಹೂವಿನ ವಿಮಾನದಲ್ಲಿ ಕೂತು ವಾಗೀಶ ದಾಟಿದ. ಹಿಂದೆ ನಡೆಯುತ್ತಿದ್ದ ಸುಮಾ ಬಾಗಿಲ ಬಳಿ ನಿಂತು ಒಳಗೆ ನೋಡಿದಳು.

ಪರದೆಯ ಮೇಲೆ ಅವಳದೇ ಮಾತು: ‘ಆಯ್ತು ನೋಡ್ರಿ. ಇನ್ನ ಚಾ ಕುಡೀರಿ.’ ಕೆಳಗೆ ‘ಮುಗಿಸು’ ಎಂಬ ಗುಂಡಿ.

ಹಲಗೆಯ ಸದ್ದು ಮೂಲೆ ದಾಟುವವರೆಗೂ ಮೈಲಾರಮ್ಮ ಅದನ್ನು ಒತ್ತಲಿಲ್ಲ.