ಬೆಂಗಾವಲು

ಗುದ್ದಲಿ ಬಿಸಾಕಿ ಮಾದೇವ ಗುಣಿಯಿಂದ ಮೇಲಕ್ಕೆ ನೆಗೆದೇಬಿಟ್ಟ.

"ನನ್ ಕೈಲಾಗಕಿಲ್ಲ ಕಣ್ರಪ್ಪೋ! ಗೂಡು ಕೊರೆಯಕ್ಕೆ ತಲೆ ಒಳಿಕ್ಕೆ ಆಕ್ಬೇಕು. ಬೆನ್ನು ಕಾಡ್ ಕಡಿಕೆ ಬತ್ತದೆ."

ಅವನನ್ನು ಬೈಯುವುದಾದರೂ ಹೇಗೆ? ಬೆಳಗ್ಗೆ ತಾನೇ ಭೀಮನಬೀಡಿನ ಕೆರೆ ಏರಿ ಮೇಲೆ ಹುಲಿಯ ಹೆಜ್ಜೆ ಕಂಡಿತ್ತು. ಹೊಲದಂಚಿನ ಲಂಟಾನ ಪೊದೆ ಅಲುಗಿದರೆ ಸಾಕು, ನೆರೆದವರ ಜೀವ ಬಾಯಿಗೆ ಬರುತ್ತಿತ್ತು. ವಿಭೂತಿ ಬಳಿದು ಕುರ್ಚಿಯಲ್ಲಿ ಕೂರಿಸಿದ್ದ ಗುರುಪಾದಸ್ವಾಮಿ ಮೇಷ್ಟ್ರ ಶವವನ್ನು ಹೊತ್ತು ಮುಳುಗುವುದರೊಳಗೆ ಗುಣಿಯ ಗೋಡೆಯ ಗೂಡಿನೊಳಗೆ ಕೂರಿಸಿ ಮಣ್ಣು ಮುಚ್ಚಬೇಕು. ಗೂಡೇ ಆಗಿಲ್ಲ!

ಮೇಷ್ಟ್ರ ಮಗಳು ರೂಪಶ್ರೀ ಮಡಿಲಲ್ಲಿದ್ದ ಮಣ್ಣಿನ ಕವಚವನ್ನು ಅವುಚಿಕೊಂಡಳು. ಅಪ್ಪನೇ ಮಾಡಿ ಸುಟ್ಟದ್ದು, ಬೆನ್ನಿನಗಲದ್ದು. ಸೈನಿಕರ ಕವಚದ ಹಾಗೆ ಬಿಲ್ಲೆ ಮೇಲೆ ಬಿಲ್ಲೆ. ಒಂದೊಂದು ಬಿಲ್ಲೆಯ ಮೇಲೂ ಊರಿನ ಒಂದೊಂದು ಹೊಲ ಕೊರೆದಿತ್ತು. ನಟ್ಟನಡುವೆ, ಬೆನ್ನೆಲುಬಿನುದ್ದಕ್ಕೂ, ಗೋಪಾಲಸ್ವಾಮಿ ಬೆಟ್ಟದ ಸಾಲು. ಅದನ್ನು ಅಪ್ಪನ ಜೊತೆಗೇ ಇಡಬೇಕೆಂದು ಅಂಗಲಾಚಿದ್ದಳು.

"ಶಿವನತ್ರ ಓಗೋನ್ಗೆ ಕವಚ ಯಾಕಮ್ಮಿ? ಪುಕ್ಲ ಅಂತ ಊರೋರು ನಕ್ಕಿದ್ದು ಸಾಲ್ದಾ, ಅಲ್ಲೂ ನಗ್ಬೇಕಾ?" ದೊಡ್ಡಪ್ಪ ಪುಟ್ಟಬಸಪ್ಪ ಗದರಿದ್ದರು.

\*

ಅಮ್ಮ ಶಾಂತಮಲ್ಲಮ್ಮ ಇದೇ ಹೊಲದಲ್ಲಿ ಬಗ್ಗಿ ಕಳೆ ಕೀಳುತ್ತಿದ್ದಾಗ ಹುಲಿ ಹಿಂದಿನಿಂದ ಬಂದಿತ್ತು. ಪಕ್ಕದ ಸಾಲಿನಲ್ಲೇ ಇದ್ದ ಅಪ್ಪನಿಗೆ ಏನೂ ಕೇಳಿಸಿರಲಿಲ್ಲ. ಆಮೇಲೆ ಗುಂಡ್ಲುಪೇಟೆಯ ಶಾಲೆಯಿಂದ ಬಂದವನೇ ಬೆನ್ನಿಗೊಂದು ಕವಚ ಮಾಡಲು ಮಣ್ಣು ಹಿಡಿದು ಕೂರುತ್ತಿದ್ದ.

"ಮಣ್ಣು ಹುಲೀನ ತಡೀತದಾ ಅಪ್ಪ?"

"ತಡೆಯಕಿಲ್ಲ ಕಣಮ್ಮಿ. ಒಡೆದ್ರೆ ಸದ್ದಾಯ್ತದೆ. ಯಾರ್ಗಾದ್ರೂ ಕೇಳಿಸ್ತದೆ."

\*

ಪೊದೆಯಾಚೆ ಜಿಂಕೆಯೊಂದು ಗಾಬರಿಯಿಂದ ಕೂಗಿತು. ಜನ ಟ್ರ್ಯಾಕ್ಟರಿನತ್ತ ಸರಿದರು.

"ಮೇಷ್ಟ್ರನ್ನ ಇಲ್ಲೇ ಬುಟ್ಟು ಓಗನ. ಬೆಳಿಗ್ಗೆ ಬರನ," ಅಂದ ಯಾರೋ ಒಬ್ಬ.

ಅಯ್ಯೋ! ರಾತ್ರಿಯೆಲ್ಲ ಅಪ್ಪ ಒಬ್ಬನೇ, ಕಾಡಿಗೆ ಬೆನ್ನು ಮಾಡಿಕೊಂಡು! ಅಪ್ಪನಿಗೆಂದೇ ತಂದದ್ದನ್ನು ಇನ್ನೊಬ್ಬರಿಗೆ ಕೊಡಲು ರೂಪಶ್ರೀಗೆ ಮನಸ್ಸಿರಲಿಲ್ಲ. ಆದರೂ ಎದ್ದಳು.

"ಮಾದೇವಣ್ಣ, ತಿರುಗು." ವೇಲಿನಿಂದ ಕವಚವನ್ನು ಅವನ ಬೆನ್ನಿಗೆ ಬಿಗಿದಳು. "ದಡದಲ್ಲೇ ನಿಂತಿರ್ತೀನಿ. ಸದ್ದಾದ್ರೆ ಎಲ್ಲಾರ್ನೂ ಕೂಗ್ತೀನಿ."

ಮಾದೇವ ಶಿವಶಿವಾ ಎನ್ನುತ್ತ ಇಳಿದ. ತಲೆ ಗೂಡಿನೊಳಗೆ ಹೋಯಿತು. ಗುದ್ದಲಿ ಬಿದ್ದ ಹಾಗೆಲ್ಲ ಅವನ ಬೆನ್ನ ಮೇಲಿನ ಬೆಟ್ಟದ ಸಾಲು ಗುಣಿಯೊಳಗೆ ಏಳುತ್ತ ಇಳಿಯುತ್ತ ಇತ್ತು. ಅದರ ಮೇಲಿಂದ ಕಣ್ಣು ಕೀಳದೆ ನಿಂತಳು. ಜಿಂಕೆ ಮತ್ತೆ ಕೂಗಿದಾಗಲೇ ಅವಳಿಗೆ ತನ್ನ ಬೆನ್ನಿನ ನೆನಪಾದದ್ದು. ತಿರುಗಿ ನೋಡುವ ಧೈರ್ಯ ಬರಲಿಲ್ಲ.

ಅಷ್ಟರಲ್ಲಿ ಬೆನ್ನಿಗೆ ಏನೋ ತಾಗಿತು. ಚೀರಲು ಬಾಯಿ ತೆರೆದಳು.

"ನಾನು ಕಣಮ್ಮಿ," ಅಂದರು ಪುಟ್ಟಬಸಪ್ಪ. ಕಾಡಿಗೆ ಮುಖ ಮಾಡಿ, ಅವಳ ಬೆನ್ನಿಗೆ ಬೆನ್ನು ಕೊಟ್ಟು ನಿಂತಿದ್ದರು. ಅವರ ಬೆನ್ನು ಗಡಗಡ ನಡುಗುತ್ತಿತ್ತು.